ಲೆನ್ ಲೈ ಅವರ ಆರಂಭಿಕ ರೇಖಾಚಿತ್ರಗಳಲ್ಲಿ ಸರ್ರಿಯಲಿಸಂ ಎಷ್ಟು?

ಪ್ರಶ್ನೆ: ಕಲಾವಿದ, ಚಲನಚಿತ್ರಕಾರ ಲೆನ್ ಲೈ ಅವರ ಅನಿಮೇಷನ್ ಚಿತ್ರ ‘ಟುಸಾಲವಾ’ದ (1929) ಹುಳುವಿನಂಥ ಆಕಾರಗಳನ್ನು ಸರ್ರಿಯಲಿಸಂ (ಕನಸು, ಸುಪ್ತ ಮನಸ್ಸಿನಿಂದ ಕಲೆ ಹುಟ್ಟಿಸುವ ಚಳವಳಿ) ಖಾತೆಗೆ ಹಾಕಬಹುದಾ? ಅಂಥ ಆಕಾರಗಳು ಮೂಡುವ, ಯೋಚಿಸದೆ ಕೈ ಓಡಿಸುವ ಗೀಚುವಿಕೆ ಅಭ್ಯಾಸ ಮಾಡೋದು ಹೇಗೆ?

ಉತ್ತರ 1: ಪೂರ್ತಿ ಹಾಕೋಕಾಗಲ್ಲ. 1901ರಲ್ಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿದ ಲೈ, 1926ರಲ್ಲಿ ಲಂಡನ್ ಸೇರುವ ಮೊದಲೇ ಮಾವೊರಿ, ಸಮೋವಾ, ಆಸ್ಟ್ರೇಲಿಯಾದ ಮೂಲನಿವಾಸಿಗಳ ಕಲೆಯಲ್ಲಿ ಮುಳುಗಿದ್ದವರು. ಆ ಮರಿಹುಳುವಿನ ಬೇರು ಅಲ್ಲಿದೆ. 1936ರ ಲಂಡನ್ ಅಂತಾರಾಷ್ಟ್ರೀಯ ಸರ್ರಿಯಲಿಸ್ಟ್ ಪ್ರದರ್ಶನದಲ್ಲಿ ಅವರ ಕೃತಿಗಳಿದ್ದವು, ನಿಜ. ಆದರೆ ಅದು ಏಳು ವರ್ಷ ಆಮೇಲಿನ ಮಾತು. ಸರ್ರಿಯಲಿಸ್ಟರ ಜೊತೆ ಹೊಂದುವುದು ವಿಷಯವಲ್ಲ, ವಿಧಾನ: ಯೋಚನೆಗೆ ಮೊದಲೇ ಕೈ ಓಡಿಸುವುದು.

ಉತ್ತರ 2: ಅಭ್ಯಾಸಕ್ಕೆ 4ಬಿ ಪೆನ್ಸಿಲ್, ಎ3 ಹಾಳೆ ಸಾಕು. ಮಣಿಕಟ್ಟು ಬಿಗಿಹಿಡಿದು ಭುಜದಿಂದ ಎಳೆಯಿರಿ, ರಬ್ಬರ್ ದೂರ ಇಡಿ. ಕೆಡುವುದು ಒಂದೇ ಕಡೆ: ಗೆರೆಯಲ್ಲಿ ಮುಖವೋ ಹಕ್ಕಿಯೋ ಕಂಡ ತಕ್ಷಣ ಕೈ ಅದನ್ನು ಪೂರ್ತಿ ಮಾಡಲು ಹೊರಡುತ್ತದೆ. ಅಲ್ಲಿಗೇ ನಿಲ್ಲಿಸಿ, ಹೊಸ ಹಾಳೆ ತಗೊಳ್ಳಿ. ಯಾವ ಹಾಳೆ ಉಳಿಸಬೇಕೆಂಬ ಆಯ್ಕೆ ಮರುದಿನ. ಅನಿಮೇಟ್ ಮಾಡುವುದಾದರೆ ಹಾಳೆಗಳಿಗೆ ಪೆಗ್ ರಂಧ್ರ (ಪ್ರತಿ ಹಾಳೆಯನ್ನೂ ಒಂದೇ ಜಾಗಕ್ಕೆ ಕೂರಿಸುವ ಗೂಟಗಳಿಗೆ ತೂತು) ಇರಲೇಬೇಕು, ಇಲ್ಲದಿದ್ದರೆ ಚಿತ್ರವಿಡೀ ನಡುಗುತ್ತದೆ.

ಉತ್ತರ 1: ಇನ್ನೊಂದು ಮಾತು. ‘ಟುಸಾಲವಾ’ಕ್ಕೆ 4,000ಕ್ಕೂ ಹೆಚ್ಚು ರೇಖಾಚಿತ್ರ, ಸುಮಾರು ಎರಡು ವರ್ಷ ಹಿಡಿಯಿತು. ಗೀಚಿದ್ದು ಬೀಜ ಮಾತ್ರ, ಉಳಿದದ್ದೆಲ್ಲ ಲೆಕ್ಕಾಚಾರದ ದುಡಿಮೆ.