ಪದಚರ್ಚೆ: ಆದಿಮಾನವರು ಕಲ್ಲು ತೆಗೆದ ಜಾಗಕ್ಕೆ ‘ಗಣಿ’ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಹೋದ ತಿಂಗಳಿಂದ ಒಂದು ಪದ ನನ್ನನ್ನು ಕಾಡುತ್ತಿದೆ. ಹೈಸ್ಕೂಲ್ ಮಕ್ಕಳಿಗಾಗಿ ಇಸಾಂಪುರದ ಬಗ್ಗೆ ನಾಲ್ಕು ಪುಟದ ಬರಹ ಮಾಡುತ್ತಿದ್ದೇನೆ. ಇಸಾಂಪುರ ಗೊತ್ತಲ್ವಾ, ಯಾದಗಿರಿ ಜಿಲ್ಲೆಯ ಹುಣಸಗಿ ಹತ್ತಿರದ ಹಳ್ಳಿ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಅವರ ಜೊತೆಗಾರರು 1990ರ ದಶಕದ ಕೊನೆಯಲ್ಲಿ ಅಲ್ಲಿ ಅಗೆದು ನೋಡಿದರು. ಆದಿಮಾನವರು ಸುಣ್ಣಕಲ್ಲು ತೆಗೆದು, ಅಲ್ಲೇ ಕೂತು ಕೈಗೊಡಲಿ (ಕಾವಿಲ್ಲದೆ ಅಂಗೈಯಲ್ಲೇ ಹಿಡಿಯುವ ಕಲ್ಲಿನ ಕೊಡಲಿ) ಮಾಡಿದ ಜಾಗ ಸಿಕ್ಕಿತು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನಿಂದ ಲೆಕ್ಕ ಹಾಕಿದರೆ ಆ ಜಾಗಕ್ಕೆ ಸುಮಾರು 12 ಲಕ್ಷ ವರ್ಷ. ಇಂಗ್ಲಿಷ್ ಬರಹಗಳಲ್ಲಿ ಅದನ್ನು ‘ಕ್ವಾರಿ’ ಎಂದೇ ಕರೆಯುತ್ತಾರೆ. ನಾನು ಹಿಂದುಮುಂದು ನೋಡದೆ ‘ಕಲ್ಲುಗಣಿ’ ಎಂದು ಬರೆದೆ.

ಕರಡನ್ನು ಒಂಬತ್ತನೇ ತರಗತಿಯ ಮಕ್ಕಳ ಮುಂದೆ ಓದಿದೆ. ಒಬ್ಬ ಹುಡುಗ ಎದ್ದು ನಿಂತು ಕೇಳಿದ: ‘ಆ ಗಣಿ ಎಷ್ಟು ಆಳ ಇತ್ರೀ ಸರ್?’

ಆಳವೇ ಇರಲಿಲ್ಲ. ಅಲ್ಲಿ ಸುಣ್ಣಕಲ್ಲಿನ ಪದರ ನೆಲದ ಮಟ್ಟಕ್ಕೇ ತೆರೆದುಕೊಂಡಿತ್ತು. ಬಿಸಿಲು ಮಳೆಗೆ ಸಂದುಬಿಟ್ಟು, ಚಪ್ಪಡಿ ಚಪ್ಪಡಿಯಾಗಿ ಸಡಿಲವಾಗಿತ್ತು. ಬೇಕಾದ ದಪ್ಪದ ಚಪ್ಪಡಿ ನೋಡಿ, ಸಂದಿನಲ್ಲಿ ಮೀಟಿ, ಮೇಲೆತ್ತಿದರೆ ಆಯಿತು. ದಪ್ಪ ಚಪ್ಪಡಿಯಾದರೆ ಅದರಿಂದ ದೊಡ್ಡ ಚಕ್ಕೆ ಹೊಡೆದು ತೆಗೆಯುತ್ತಿದ್ದರು. ತೆಳುವಾಗಿದ್ದರೆ ಅದನ್ನೇ ಸುತ್ತ ಕೆತ್ತಿ ಕೈಗೊಡಲಿ ಮಾಡುತ್ತಿದ್ದರು.

ಹುಡುಗನದು ತಪ್ಪಲ್ಲ. ಗಣಿ ಎಂಬ ಪದದ ಹೊಟ್ಟೆಯಲ್ಲೇ ಗುಂಡಿ ಇದೆ. ಅದು ಸಂಸ್ಕೃತದ ‘ಖನಿ’ಯ ತದ್ಭವ. ಮೂಲ ಧಾತು ‘ಖನ್’, ಅಂದರೆ ತೋಡು. ‘ಉತ್ಖನನ’ವೂ ಅಲ್ಲಿಂದಲೇ ಬಂದದ್ದು. ಅದರ ಜೊತೆಗೆ, ಇವತ್ತು ಗಣಿ ಎಂದ ಕೂಡಲೇ ನಮ್ಮ ಮಕ್ಕಳ ಕಣ್ಣಿಗೆ ಬರುವುದು ಲಾರಿ, ಸ್ಫೋಟ, ಕೆಂಪು ಧೂಳು. ಆ ಚಿತ್ರವನ್ನು 12 ಲಕ್ಷ ವರ್ಷದ ಹಿಂದಕ್ಕೆ ಹೊತ್ತುಕೊಂಡು ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ಬೇರೆ ಪದ ಯಾವುದು? ಪಠ್ಯಗಳಲ್ಲಿ ‘ಶಿಲಾ ಆಕರ’ ಎಂಬ ಬಳಕೆ ಇದೆ. ಆಕರಕ್ಕೂ ಮೊದಲು ಗಣಿ ಎಂದೇ ಅರ್ಥ. ರತ್ನಾಕರದಲ್ಲಿ ಅದು ಇನ್ನೂ ಉಳಿದಿದೆ. ಈಗ ನಾವು ‘ಆಕರ ಗ್ರಂಥ’ ಎನ್ನುವಾಗ ಆ ಅರ್ಥ ಹಿಂದೆ ಸರಿದು ‘ಎಲ್ಲಿಂದ ಸಿಕ್ಕಿತೋ ಆ ಮೂಲ’ ಎಂಬುದಷ್ಟೇ ನಿಂತಿದೆ. ಅರ್ಥ ಹೊಂದುತ್ತದೆ, ಒಪ್ಪುತ್ತೇನೆ. ಆದರೆ ಅವರು ಕಲ್ಲನ್ನು ಹೇಗೆ ಪಡೆದರು ಎಂಬುದನ್ನು ಅದು ಹೇಳುವುದಿಲ್ಲ. ಒಂಬತ್ತನೇ ತರಗತಿಯಲ್ಲಿ ಅದನ್ನು ಬಿಡಿಸಿ ಹೇಳಲು ಇನ್ನೊಂದು ಪಾಠ ಬೇಕಾಗುತ್ತದೆ.

ಕರಾವಳಿಯವರು ‘ಕೋರೆ’ ಅನ್ನುತ್ತಾರೆ, ಕೆಂಪುಕಲ್ಲಿನ ಕೋರೆ. ನಮ್ಮ ಉತ್ತರದ ಕಡೆ ‘ಖಣಿ’. ಎರಡೂ ಮತ್ತೆ ತಗ್ಗಿನ ಕಡೆಗೇ ಎಳೆಯುತ್ತವೆ.

ನನಗೆ ದಾರಿ ತೋರಿಸಿದ್ದು ಒಬ್ಬ ಹಿರಿಯ ಕೆಲಸಗಾರರ ಮಾತು. ಕೆಲವು ವರ್ಷದ ಹಿಂದೆ ಶಹಾಬಾದ್ ಕಡೆ ನೆಲಕ್ಕೆ ಹಾಸುವ ಪರ್ಸಿ ಕಲ್ಲು ತೆಗೆಯುವುದನ್ನು ನೋಡಲು ಹೋಗಿದ್ದೆ. ಆ ಕಲ್ಲೂ ಇಸಾಂಪುರದ ಕಲ್ಲೂ ಒಂದೇ ಕುಲದವು, ಭೂವಿಜ್ಞಾನಿಗಳು ‘ಭೀಮಾ ಗುಂಪು’ ಎನ್ನುವ ಸುಣ್ಣಕಲ್ಲು. ಆ ಅಜ್ಜ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಅಂಗೈಯಿಂದ ಧೂಳು ಸರಿಸಿದರು. ಕೂದಲೆಳೆಯಂಥ ಒಂದು ಗೆರೆ ಕಾಣಿಸಿತು. ಅದಕ್ಕೆ ಹಾರೆಯ ತುದಿ ಇಟ್ಟು ಎರಡು ಸಲ ಮೆಲ್ಲಗೆ ಅಲುಗಿಸಿದರು, ಮೂರನೇ ಸಲ ಮೈಭಾರ ಬಿಟ್ಟರು. ಮಂಚದಗಲದ ಚಪ್ಪಡಿ ‘ಟಪ್’ ಎಂದು ಬಿಟ್ಟುಕೊಂಡಿತು. ‘ಎಷ್ಟು ವರ್ಷದಿಂದ ಕಲ್ಲು ತೋಡ್ತೀರಿ ಅಜ್ಜಾ?’ ಎಂದೆ. ‘ಇದು ತೋಡೂದಲ್ರೀ, ಎಬ್ಬಸೂದು. ಸಂದು ಎಲ್ಲದ ಅಂತ ಕಲ್ಲೇ ತೋರಸ್ತದ’ ಎಂದರು.

ಎಬ್ಬಿಸುವುದು! ಮಲಗಿದ್ದನ್ನು ಎಬ್ಬಿಸಿದ ಹಾಗೆ. ಇಸಾಂಪುರದಲ್ಲಿ ಆದದ್ದೂ ಇದೇ. ಹಾರೆಯ ಬದಲು ಬೇರೆ ಏನೋ ಸಲಕರಣೆ ಇತ್ತು, ಅಷ್ಟೇ.

ಆಮೇಲೆ ಯೋಚಿಸಿದರೆ ಕನ್ನಡದಲ್ಲಿ ಬೇಕಾದ ಕ್ರಿಯಾಪದಗಳೆಲ್ಲ ಮೊದಲಿನಿಂದಲೂ ಇವೆ. ಹೊಳೆದಂಡೆಯಲ್ಲಿ ಬಿದ್ದ ಉರುಟು ಕಲ್ಲನ್ನು ಎತ್ತಿಕೊಂಡರೆ ಅದು ‘ಆಯುವುದು’. ಈ ಪದ ನನಗೆ ತುಂಬಾ ಇಷ್ಟ. ಸೌದೆ ಆಯುತ್ತೇವೆ, ಅಂದರೆ ಹೆಕ್ಕುತ್ತೇವೆ. ಅಕ್ಕಿ ಆಯುತ್ತೇವೆ, ಅಂದರೆ ಕೆಟ್ಟದ್ದನ್ನು ಬಿಟ್ಟು ಒಳ್ಳೆಯದನ್ನು ಉಳಿಸಿಕೊಳ್ಳುತ್ತೇವೆ. ‘ಆಯ್ಕೆ’ ಹುಟ್ಟಿದ್ದು ಇದರಿಂದಲೇ. ಆದಿಮಾನವರು ಹೊಳೆಯಲ್ಲಿ ಮಾಡಿದ್ದು ಎರಡನ್ನೂ: ಹೆಕ್ಕಿದರು, ಹೆಕ್ಕುವಾಗ ಆರಿಸಿದರು. ಹೊಳೆಗಲ್ಲಿನಿಂದ ಮಾಡಿದ ಉಪಕರಣವನ್ನು ಕೈಯಲ್ಲಿ ಹಿಡಿದರೆ ಎಷ್ಟೋ ಸಲ ಒಂದು ಮಗ್ಗುಲು ಇನ್ನೂ ನುಣ್ಣಗಿರುತ್ತದೆ. ನೀರಲ್ಲಿ ಉರುಳಿದ ಆ ಹಳೆಯ ಸಿಪ್ಪೆ ಅಂಗೈಗೆ ತಾಗುತ್ತದೆ.

ಇಸಾಂಪುರದಲ್ಲಿ ಎಬ್ಬಿಸುವುದು, ಆಯುವುದು ಎರಡೂ ಒಟ್ಟಿಗೆ ಇವೆ. ಉಪಕರಣದ ಸುಣ್ಣಕಲ್ಲನ್ನು ಅಲ್ಲೇ ಎಬ್ಬಿಸಿದರು. ಅದನ್ನು ಒಡೆಯಲು ಬಳಸಿದ ಬಡಿಗಲ್ಲುಗಳಲ್ಲಿ ಕ್ವಾರ್ಟ್ಜೈಟ್, ಬಸಾಲ್ಟ್, ಚರ್ಟ್‌ನಂಥ ಗಟ್ಟಿ ಜಾತಿಯ ಕಲ್ಲುಗಳಿವೆ. ಅವನ್ನು ಬೇರೆ ಕಡೆ ಆಯ್ದು ತಂದಿದ್ದಾರೆ. ಒಂದೇ ಜಾಗ, ಎರಡು ಬಗೆಯ ಕಲ್ಲು, ಎರಡು ಕ್ರಿಯಾಪದ. ‘ಗಣಿ’ ಎಂದುಬಿಟ್ಟರೆ ಈ ತಿಳಿವಳಿಕೆಯೆಲ್ಲ ಮುಚ್ಚಿಹೋಗುತ್ತದೆ.

ಇನ್ನು ‘ತೋಡುವುದು’. ಅದೂ ಇತ್ತು, ಆದರೆ ತುಂಬಾ ತಡವಾಗಿ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಗ್ರೈಮ್ಸ್ ಗ್ರೇವ್ಸ್ ಎಂಬ ಜಾಗವಿದೆ. ಸುಮಾರು 4,500 ವರ್ಷದ ಹಿಂದೆ ಅಲ್ಲಿನ ಜನ ಜಿಂಕೆಯ ಕೊಂಬನ್ನೇ ಗುದ್ದಲಿ ಮಾಡಿಕೊಂಡು ಸೀಮೆಸುಣ್ಣದಂಥ ನೆಲ ತೋಡಿ, ಅಡಿಯಲ್ಲಿದ್ದ ಚಕಮಕಿ ಕಲ್ಲಿನ ಪದರ ಮುಟ್ಟಿದರು. ಅಂಥ ಗುಂಡಿಗಳು 400ಕ್ಕೂ ಹೆಚ್ಚು. ಕೆಲವು ಹತ್ತು ಮೀಟರಿಗಿಂತ ಆಳ. ಅದಕ್ಕೆ ಗಣಿ ಅನ್ನಿ, ನನ್ನ ತಕರಾರಿಲ್ಲ.

ಈಗ ಎರಡನೇ ಪ್ರಶ್ನೆ. ಕಲ್ಲು ಒಡೆದು ಉಪಕರಣ ಮಾಡಿದ ಜಾಗಕ್ಕೆ ಏನನ್ನೋಣ? ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಹಿರೇಗುಡ್ಡ ನೋಡಿದವರಿಗೆ ಈ ಪ್ರಶ್ನೆ ಚೆನ್ನಾಗಿ ಅರ್ಥವಾಗುತ್ತದೆ. ಅದು ಗ್ರಾನೈಟ್ ಗುಡ್ಡ. ಅದನ್ನು ಸೀಳಿಕೊಂಡು ಡಾಲರೈಟ್ ಎಂಬ ಕರಿಕಲ್ಲಿನ ಪಟ್ಟಿ ಹೋಗಿದೆ. ನವಶಿಲಾಯುಗದವರಿಗೆ ಬೇಕಾಗಿದ್ದದ್ದು ಆ ಕರಿಕಲ್ಲು. ಅದನ್ನು ಒಡೆದು, ಕೆತ್ತಿ, ಬಂಡೆಯ ಮೇಲೆ ಉಜ್ಜಿ ಕೊಡಲಿ ಮಾಡಿದರು. ಉಜ್ಜಿ ಉಜ್ಜಿ ಬಿದ್ದ ಗುಳಿಗಳು ಬಂಡೆಗಳ ಮೇಲೆ ಇವತ್ತಿಗೂ ಇವೆ. ಕಾಲಿಟ್ಟಲ್ಲೆಲ್ಲ ಕರಿ ಚಕ್ಕೆ. ನಡೆದರೆ ಒಡೆದ ಹೆಂಚಿನ ಮೇಲೆ ನಡೆದಂಥ ಸದ್ದು. ಅಷ್ಟು ಚಕ್ಕೆಯ ನಡುವೆ ಪೂರ್ತಿಯಾದ ಕೊಡಲಿ ಮಾತ್ರ ಅಪರೂಪ. ಅದು ಕೆಲಸಕ್ಕೆ ಹೋಗಿಯಾಗಿದೆ.

ಕಾಳು ಮನೆಗೆ ಹೋಗುತ್ತದೆ, ಹೊಟ್ಟು ಕಣದಲ್ಲಿ ಉಳಿಯುತ್ತದೆ. ಹಾಗಾಗಿ ನನಗೆ ಹೊಳೆದ ಪದ ‘ಕಣ’. ರೈತರ ಮಕ್ಕಳಿಗೆ ಒಂದೇ ಮಾತಿಗೆ ತಿಳಿಯುತ್ತದೆ. ಆದರೆ ತೊಡಕಿದೆ. ‘ಕಲ್ಲಿನ ಕಣ’ ಎಂದರೆ ವಿಜ್ಞಾನದ ಪುಸ್ತಕ ಓದುವ ಮಗು ಕಲ್ಲಿನ ಸಣ್ಣ ಚೂರು ಎಂದುಕೊಳ್ಳುತ್ತದೆ. ಜೋಡಿಸಿ ‘ಕಲ್ಲುಗಣ’ ಎಂದರೆ ಶಿವಗಣದ ಹಾಗೆ ಕೇಳಿಸುತ್ತದೆ. ‘ಚಕ್ಕೆಯ ಕಣ’, ‘ಒಡೆಯುವ ಕಣ’ ಎಂದು ಎರಡು ಪದ ಮಾಡಿ ನೋಡಿದೆ. ಎರಡನೆಯದು ವಾಕ್ಯದಲ್ಲಿ ಚೆನ್ನಾಗಿಯೇ ಕೂರುತ್ತದೆ. ‘ಕಮ್ಮಟ’ವನ್ನೂ ತೂಗಿ ನೋಡಿದೆ, ಆದರೆ ಅದು ನಾಣ್ಯ ಹೊಡೆಯುವ ಜಾಗಕ್ಕೆ, ಈಚೆಗೆ ಕವಿಗಳ ಕೂಟಕ್ಕೆ ಅಂಟಿಕೊಂಡಿದೆ.

‘ಚಕ್ಕೆ’ಯ ಬಗ್ಗೆ ನನಗೆ ಅನುಮಾನವಿಲ್ಲ. ಗೋಡೆಯ ಸುಣ್ಣ ಚಕ್ಕೆ ಏಳುತ್ತದೆ, ಮರದ ತೊಗಟೆಯಿಂದ ಬಂದದ್ದು ಅಡುಗೆಮನೆಯ ಚಕ್ಕೆ. ಮೈಯಿಂದ ತೆಳ್ಳಗೆ ಬಿಟ್ಟುಬಂದದ್ದು ಎಂಬ ಅರ್ಥ ಎಲ್ಲ ಕಡೆ ಇದೆ. ಇದನ್ನು ಬಿಟ್ಟು ‘ಶಲ್ಕ’ ಬರೆಯುವವರು ದಯವಿಟ್ಟು ಇನ್ನೊಮ್ಮೆ ಯೋಚಿಸಬೇಕು.

ಸದ್ಯಕ್ಕೆ ಕರಡಿನಲ್ಲಿ ‘ಗಣಿ’ ಹೊಡೆದುಹಾಕಿ ‘ಕಲ್ಲು ಎಬ್ಬಿಸಿದ ಜಾಗ’ ಎಂದು ಬರೆದಿದ್ದೇನೆ. ಮೂರು ಪದವಾಯಿತು, ಶೀರ್ಷಿಕೆಗೆ ಉದ್ದ ಜಾಸ್ತಿ. ‘ಕಲ್ಲುದಾಣ’ ಎಂದರೆ ಹೇಗೆ ಕೇಳಿಸುತ್ತದೆ? ನಿಮ್ಮ ಊರಿನ ಕಲ್ಲು ಕೆಲಸದವರು ಗುಂಡಿ ತೋಡದೆ, ಹಾಸುಬಂಡೆಯಿಂದ ಮೇಲ್ಮೇಲೆ ಕಲ್ಲು ತೆಗೆಯುವ ಜಾಗಕ್ಕೆ ಬೇರೆ ಹೆಸರು ಹೇಳುತ್ತಾರಾ? ಕೋಲಾರ, ಚಿತ್ರದುರ್ಗ, ಇಳಕಲ್ಲಿನ ಕಡೆಯವರು ಇದ್ದರೆ ಮನೆಯ ಹಿರಿಯರನ್ನು ಒಂದು ಮಾತು ಕೇಳಿ ಬರೆಯಿರಿ. ಅವರು ಹೇಳಿದ ಹಾಗೇ ಬರೆಯಿರಿ, ತಿದ್ದಬೇಡಿ.