ಶಾಲೆಯಲ್ಲಿ ಲ್ಯಾಟಿನ್ ತಗೊಳ್ಳೋದಾ, ಸ್ಪ್ಯಾನಿಷ್ ತಗೊಳ್ಳೋದಾ?

ಮಗಳಮ್ಮ:

ಎಲ್ಲರಿಗೂ ನಮಸ್ಕಾರ. ಮಗಳು ಈಗ ಏಳನೇ ಕ್ಲಾಸು. ಮುಂದಿನ ವರ್ಷದಿಂದ ಒಂದು ಭಾಷೆ ತಗೊಳ್ಳಲೇಬೇಕು. ಅವಳ ಶಾಲೆಯಲ್ಲಿರೋದು ಎರಡೇ, ಹಳೇ ರೋಮನ್ನರ ಭಾಷೆ ಲ್ಯಾಟಿನ್ ಮತ್ತು ಸ್ಪ್ಯಾನಿಷ್. ಒಮ್ಮೆ ಬರೆದುಕೊಟ್ಟರೆ ನಾಲ್ಕು ವರ್ಷ ಅದೇ, ನಡುವೆ ಬದಲಾಯಿಸುವ ಹಾಗಿಲ್ಲ. ಈ ತಿಂಗಳ ಕೊನೆಯೊಳಗೆ ಫಾರಂ ಕೊಡಬೇಕು.

ನಮ್ಮ ಯಜಮಾನರು ಲ್ಯಾಟಿನ್ ಕಡೆ. ಬುದ್ಧಿ ಚುರುಕಾಗುತ್ತೆ, ಮುಂದೆ ಡಾಕ್ಟರ್ ಓದಿದರೆ ಉಪಯೋಗ, ಲ್ಯಾಟಿನ್ ಬಂದರೆ ಅದರಿಂದಲೇ ಹುಟ್ಟಿದ ಸ್ಪ್ಯಾನಿಷ್, ಫ್ರೆಂಚ್ ಎಲ್ಲ ತಾನಾಗೇ ಬರುತ್ತೆ ಅನ್ನೋದು ಅವರ ವಾದ. ಯಾರೂ ಮಾತಾಡದ ಭಾಷೆಗೆ ನಾಲ್ಕು ವರ್ಷ ಹಾಕೋದು ನನಗೆ ಒಪ್ಪಿಗೆಯಾಗ್ತಾ ಇಲ್ಲ. ಮಗಳನ್ನ ಕೇಳಿದರೆ ಅವಳೂ ಲ್ಯಾಟಿನ್ ಅಂತಾಳೆ. ಕಾರಣ ಕೇಳಿದೆ. ಆ ಕ್ಲಾಸಲ್ಲಿ ಎದ್ದು ನಿಂತು ಮಾತಾಡಬೇಕಾಗಿಲ್ವಂತೆ. ತುಂಬಾ ನಾಚಿಕೆ ಸ್ವಭಾವ ಅವಳದು. ಆದರೆ ಪದಬಂಧ, ಸುಡೊಕು ಕೊಟ್ಟರೆ ಊಟ ಮರೀತಾಳೆ. ರೋಮನ್ನರ ಪಾಂಪೇ ಪಟ್ಟಣ ಜ್ವಾಲಾಮುಖಿಯ ಬೂದಿಯಲ್ಲಿ ಮುಚ್ಚಿಹೋದ ಕಥೆ ಓದಿದಾಗಿನಿಂದ ರೋಮನ್ನರ ಹುಚ್ಚೂ ಹಿಡಿದಿದೆ.

ಕಲಿತವರು, ಕಲಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಊರೂರು ಅಲೆದವ:

ಸ್ಪ್ಯಾನಿಷ್ ಕೊಡಿಸಿ. 20 ದೇಶಗಳಲ್ಲಿ ಅದು ಅಧಿಕೃತ ಭಾಷೆ. ಹಾಡು, ಸಿನಿಮಾ, ಸುದ್ದಿ ಏನು ಬೇಕಾದರೂ ಸಿಗುತ್ತೆ, ಕಲಿತದ್ದನ್ನ ಆವತ್ತೇ ಬಳಸಬಹುದು. ನಾನು ಕೆಲಸಕ್ಕೆ ಸೇರಿದ ಮೇಲೆ ಕಲಿತವನು. ಶಾಲೆಯಲ್ಲೇ ಶುರು ಮಾಡೋ ಅವಕಾಶ ಇರೋರನ್ನ ಕಂಡರೆ ಖುಷಿಯಾಗುತ್ತೆ.

ಒಂದು ಮಾತ್ರ ತಿಳಿದಿರಲಿ. ನಾಲ್ಕು ವರ್ಷ ಆಯ್ತು ಅಂದ ತಕ್ಷಣ ಪಟಪಟ ಮಾತಾಡಿಬಿಡ್ತಾಳೆ ಅಂದ್ಕೋಬೇಡಿ. ಅಮೆರಿಕದ ರಾಯಭಾರಿಗಳಿಗೆ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆ, ಇಂಗ್ಲಿಷ್ ಮಾತೃಭಾಷೆಯವರಿಗೆ ಸ್ಪ್ಯಾನಿಷ್ ಚೆನ್ನಾಗಿ ಬರಲು ಸುಮಾರು ಆರೇಳು ನೂರು ಗಂಟೆ ಪಾಠ ಬೇಕು ಅಂತ ಲೆಕ್ಕ ಹಾಕಿದೆ. ವಾರಕ್ಕೆ ಮೂರ್ನಾಲ್ಕು ಪೀರಿಯಡ್ಡಿನ ಶಾಲೆಯಲ್ಲಿ ಅಷ್ಟು ಗಂಟೆ ಆಗೋದೇ ಇಲ್ಲ. ಆದರೆ ಗಟ್ಟಿ ಬುನಾದಿ ಬೀಳುತ್ತೆ, ಮುಂದಿನದನ್ನ ಅವಳೇ ಕಟ್ಟಿಕೊಳ್ಳಬಹುದು.

ಪಾಠದಮ್ಮ:

ನಾನು ಹೈಸ್ಕೂಲ್ ಮಕ್ಕಳಿಗೆ ಲ್ಯಾಟಿನ್ ಹೇಳಿಕೊಡುತ್ತೇನೆ. ನನ್ನ ಪ್ರಾಣದಂಥ ವಿಷಯ ಅದು. ಹಾಗಿದ್ದೂ ಹೇಳುತ್ತೇನೆ, ನಿಮ್ಮ ಯಜಮಾನರು ಕೊಟ್ಟ ಮೂರು ಕಾರಣಕ್ಕಾಗಿಯಾದರೆ ಲ್ಯಾಟಿನ್ ಬೇಡ.

ಬುದ್ಧಿ ಚುರುಕಾಗುವ ಮಾತು ಬಹಳ ಹಳೆಯದು. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1924ರಲ್ಲೇ ಸಾವಿರಾರು ಹೈಸ್ಕೂಲ್ ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ಯಾವ ವಿಷಯ ಓದಿದರೆ ಯೋಚನಾಶಕ್ತಿ ಹೆಚ್ಚು ಬೆಳೆಯುತ್ತದೆ ಎಂದು ಹುಡುಕಿದರು. ಲ್ಯಾಟಿನ್ನಿಗೆ ಹೇಳಿಕೊಳ್ಳುವಂಥ ಮೇಲುಗೈ ಕಾಣಲಿಲ್ಲ. ಮೊದಲೇ ಜಾಣರಾದ ಮಕ್ಕಳು ಲ್ಯಾಟಿನ್ ತಗೊಳ್ಳುತ್ತಿದ್ದರು, ಕೀರ್ತಿ ಲ್ಯಾಟಿನ್ನಿಗೆ ಸಲ್ಲುತ್ತಿತ್ತು.

ಬೇರೆ ಭಾಷೆಗಳು ತಾನಾಗೇ ಬರುತ್ತವೆ ಅನ್ನುವುದಕ್ಕೂ ಇದೇ ಗತಿ. 2003ರಲ್ಲಿ ಲುಡ್ವಿಗ್ ಹಾಗ್ ಮತ್ತು ಎಲ್ಸ್‌ಬೆತ್ ಸ್ಟರ್ನ್ ಎಂಬ ಸಂಶೋಧಕರು, ಹೊಸದಾಗಿ ಸ್ಪ್ಯಾನಿಷ್ ಕಲಿಯುತ್ತಿದ್ದ ಜರ್ಮನ್ ವಿದ್ಯಾರ್ಥಿಗಳಲ್ಲಿ ಎರಡು ಗುಂಪುಗಳನ್ನು ಹೋಲಿಸಿದರು. ಒಂದು ಗುಂಪು ಶಾಲೆಯಲ್ಲಿ ಲ್ಯಾಟಿನ್ ಓದಿ ಬಂದದ್ದು, ಇನ್ನೊಂದು ಫ್ರೆಂಚ್ ಓದಿ ಬಂದದ್ದು. ಸ್ಪ್ಯಾನಿಷ್ ವ್ಯಾಕರಣದಲ್ಲಿ ಕಡಿಮೆ ತಪ್ಪು ಮಾಡಿದ್ದು ಫ್ರೆಂಚ್ ಗುಂಪು. ಸ್ಪ್ಯಾನಿಷ್ ಬೇಕಾದವರು ನೇರ ಸ್ಪ್ಯಾನಿಷ್‌ಗೇ ಹೋಗಲಿ, ಸುತ್ತು ದಾರಿ ಯಾಕೆ?

ಇನ್ನು ಡಾಕ್ಟರ್ ಓದು. ಫೀಮರ್, ಟಿಬಿಯಾದಂಥ ಮೂಳೆಗಳ ಹೆಸರು ಲ್ಯಾಟಿನ್ ನಿಜ. ಆದರೆ ಕಾಯಿಲೆ, ಚಿಕಿತ್ಸೆಗಳ ಹೆಸರಿನಲ್ಲಿ ಬರುವ ಕಾರ್ಡಿಯೋ, ನೆಫ್ರೋ, ಹೆಪಟೋ ಎಲ್ಲ ಗ್ರೀಕ್ ಮೂಲದವು. ಅವನ್ನು ಮೆಡಿಕಲ್ ಕಾಲೇಜಿನಲ್ಲೇ ಎಲ್ಲರೂ ಕಲಿಯುತ್ತಾರೆ.

ಹಾಗಾದರೆ ಲ್ಯಾಟಿನ್ ಯಾಕೆ? ನಿಮ್ಮ ಮಗಳ ಬಗ್ಗೆ ಕೊನೆಯಲ್ಲಿ ಬರೆದ ಎರಡು ಸಾಲಿದೆಯಲ್ಲ, ಅದು ಸರಿಯಾದ ಕಾರಣ.

ಕ್ಲಾಸು ಹೇಗಿರುತ್ತದೆ ಅಂತ ಹೇಳುತ್ತೇನೆ. ಬೋರ್ಡಿನ ಮೇಲೆ ‘ಪುಯೆಲ್ಲ ಲುಪುಮ್ ವಿದೆತ್’ ಎಂದು ಬರೆಯುತ್ತೇನೆ. ಹುಡುಗಿ ತೋಳವನ್ನು ನೋಡುತ್ತಾಳೆ. ಮೊದಲೆರಡು ಪದ ಅದಲುಬದಲು ಮಾಡಿದರೂ ನೋಡುವವಳು ಹುಡುಗಿಯೇ. ‘ಪುಯೆಲ್ಲಮ್ ಲುಪುಸ್’ ಎಂದು ಬಾಲ ಬದಲಾಯಿಸಿದೆನೋ, ಈಗ ನೋಡುತ್ತಿರುವುದು ತೋಳ! ಇಂಗ್ಲಿಷ್ ಮಾತ್ರ ಬಲ್ಲ ಮಕ್ಕಳು ಇಲ್ಲಿ ವಾರಗಟ್ಟಲೆ ಒದ್ದಾಡುತ್ತಾರೆ. ‘ತೋಳವನ್ನು ಹುಡುಗಿ ನೋಡಿದಳು’ ಎಂದು ಮನೆಯಲ್ಲಿ ಮಾತಾಡುವ ಮಗುವಿಗೆ ಇದು ಹೊಸತೇ ಅಲ್ಲ. ವಿಭಕ್ತಿ ನಮ್ಮ ನಾಲಿಗೆಯಲ್ಲೇ ಇದೆ. ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದು, ಅದರ ಬಾಲ ನೋಡಿಯೇ ಮಾಡಿದವರು ಯಾರೆಂದು ತಿಳಿಯುವುದು, ಇವೂ ನಮಗೆ ಗೊತ್ತಿರುವ ನಡೆಯೇ. ಹಾಗಂತ ಸುಲಭವಲ್ಲ. ನಾಮಪದಕ್ಕೆ ಐದು ಗಣ, ಕ್ರಿಯಾಪದಕ್ಕೆ ನಾಲ್ಕು, ಮೂರು ಲಿಂಗ. ಕೋಷ್ಟಕಗಳನ್ನು ಬಾಯಿಪಾಠ ಮಾಡಲೇಬೇಕು. ಮೂರನೇ ವರ್ಷ ರೋಮನ್ ಸೇನಾನಿ ಸೀಸರ್ ಬರೆದ ಐದಾರು ಸಾಲಿಗೆ ಇಡೀ ಪೀರಿಯಡ್ ಹೋಗುತ್ತದೆ. ಪೆನ್ಸಿಲ್ ಹಿಡಿದು ಕ್ರಿಯಾಪದ ಹುಡುಕಿ ಸುತ್ತು ಹಾಕುವುದು, ಕರ್ತೃವಿನ ಕೆಳಗೆ ಗೆರೆ ಎಳೆಯುವುದು, ಯಾವ ಗುಣವಾಚಕ ಯಾವ ನಾಮಪದಕ್ಕೆ ಅಂಟಿದೆ ಎಂದು ಜೋಡಿಸುವುದು. ಪದಬಂಧ ಬಿಡಿಸುವ ಹುಡುಗಿಗೆ ಇದರ ರುಚಿ ಹತ್ತಬಹುದು. ಹತ್ತದವರಿಗೆ ನಾಲ್ಕು ವರ್ಷ ಬಹಳ ಉದ್ದ.

ಮತ್ತೆ ಪಾಂಪೇ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಕೊಲ್ಲಿಯ ಆಚೆ ದಡದಲ್ಲಿ 17 ವರ್ಷದ ಹುಡುಗನೊಬ್ಬ ಇದ್ದ. ಹಡಗು ತೆಗೆದುಕೊಂಡು ಜನರನ್ನು ಕಾಪಾಡಲು ಹೋದ ಅವನ ಸೋದರಮಾವ ತಿರುಗಿ ಬರಲಿಲ್ಲ. ಆ ಹುಡುಗನೇ ಕಿರಿಯ ಪ್ಲಿನಿ. ಎಷ್ಟೋ ವರ್ಷದ ನಂತರ ಇತಿಹಾಸಕಾರ ಟ್ಯಾಸಿಟಸ್‌ಗೆ ಎರಡು ಪತ್ರದಲ್ಲಿ ಅದನ್ನೆಲ್ಲ ಬರೆದ. ಕೊಡೆಯಂತೆ ಹರಡಿದ ಪೈನ್ ಮರದ ಹಾಗೆ ಮೋಡ ಎದ್ದದ್ದು, ಹಗಲಲ್ಲೇ ಕತ್ತಲಾದದ್ದು, ಜನ ತಲೆಗೆ ದಿಂಬು ಕಟ್ಟಿಕೊಂಡು ಓಡಿದ್ದು. ನಾಲ್ಕನೇ ವರ್ಷದ ಮಕ್ಕಳು ಟಿಪ್ಪಣಿಯ ನೆರವಿನಿಂದ ಇದನ್ನು ಅವನ ಮಾತಿನಲ್ಲೇ ಓದಬಲ್ಲರು. ಲ್ಯಾಟಿನ್ ಕಲಿಯುವುದು ಇದಕ್ಕೆ, ಇದೊಂದೇ ಸಾಕು ನನಗೆ.

ಎಲೆಬೇರು:

ನಾನು ಸಸ್ಯಶಾಸ್ತ್ರದವನು, ಲ್ಯಾಟಿನ್ ಇಲ್ಲದೆ ನನ್ನ ಕೆಲಸ ನಡೆಯಲ್ಲ. ಹೊಸ ಸಸ್ಯಕ್ಕೆ ಹೆಸರಿಟ್ಟರೆ ಅದರ ವಿವರಣೆ ಲ್ಯಾಟಿನ್ನಲ್ಲೇ ಇರಬೇಕು ಅನ್ನೋ ನಿಯಮ 2011ರ ಕೊನೆವರೆಗೂ ಇತ್ತು. 2012ರಿಂದ ಇಂಗ್ಲಿಷ್ ಆದರೂ ನಡೆಯುತ್ತೆ. ಆದರೆ ಹಳೆಯ ವಿವರಣೆಗಳನ್ನ ಓದದೆ ಇದು ಹೊಸದೋ ಅಲ್ಲವೋ ಹೇಳೋದು ಹೇಗೆ? ಹಾಗಾಗಿ ಸತ್ತ ಭಾಷೆ ಅಂತ ತಳ್ಳಿಹಾಕೋರನ್ನ ನಾನು ಒಪ್ಪಲ್ಲ. ಆದರೂ ನಾನು ಇದನ್ನ ಕಲಿತದ್ದು ಪದವಿ ಮುಗಿಸಿದ ಮೇಲೆ. ಓದೋದಕ್ಕಷ್ಟೇ ಬೇಕಾದ ಭಾಷೆಯನ್ನ ಯಾವ ವಯಸ್ಸಲ್ಲೂ ಶುರು ಮಾಡಬಹುದು. ಮಾತಾಡೋ ಭಾಷೆಗೆ ಕ್ಲಾಸು, ಜೊತೆಗಾರರು, ತಿದ್ದೋ ಟೀಚರ್ ಬೇಕು, ಅವೆಲ್ಲ ಶಾಲೆಯಲ್ಲಿ ಒಟ್ಟಿಗೆ ಸಿಗುತ್ತೆ. ನನ್ನ ಮತ ಸ್ಪ್ಯಾನಿಷ್‌ಗೆ.

ಮಗಳಮ್ಮ:

ಎಲ್ಲರಿಗೂ ಧನ್ಯವಾದ. ಟೀಚರಮ್ಮ ಬರೆದದ್ದನ್ನ ಯಜಮಾನರಿಗೆ ಓದಿ ಹೇಳಿದೆ. ಡಾಕ್ಟರ್ ಮಾತು ಬಿಟ್ಟುಬಿಟ್ಟರು. ಆದರೆ ಮಗಳ ನಾಚಿಕೆ ವಿಷಯ ಹಾಗೇ ಉಳಿಯಿತು. ಅವಳನ್ನ ಬಲವಂತವಾಗಿ ಮಾತಿನ ಕ್ಲಾಸಿಗೆ ದೂಡಬೇಕಾ?

ಪಾಠದಮ್ಮ:

ದೂಡಬೇಡಿ. ಆದರೆ ನಾಚಿಕೆಗೆ ಲ್ಯಾಟಿನ್ ಆಸರೆಯೂ ಅಲ್ಲ. ಈಗ ಎಷ್ಟೋ ಟೀಚರುಗಳು ಮೊದಲ ದಿನದಿಂದಲೇ ಲ್ಯಾಟಿನ್ನಿನಲ್ಲಿ ಮಾತಾಡಿಸುತ್ತಾರೆ, ಗಟ್ಟಿಯಾಗಿ ಓದಿಸುವುದಂತೂ ಎಲ್ಲ ಕಡೆ ಇದೆ. ನಿಮ್ಮ ಶಾಲೆಯಲ್ಲಿ ಹೇಗೆ ಅಂತ ವಿಚಾರಿಸಿ. ಸ್ಪ್ಯಾನಿಷ್ ಕ್ಲಾಸಿನಲ್ಲೂ ಮೊದಲ ವರ್ಷ ಹೆಚ್ಚಿನದು ಬರೆದುಕೊಟ್ಟ ಸಣ್ಣ ಸಂಭಾಷಣೆ, ಇಬ್ಬಿಬ್ಬರ ಜೋಡಿಯಲ್ಲಿ. ಏನು ಹೇಳಬೇಕೆಂಬುದು ಕೈಯಲ್ಲೇ ಇರುತ್ತದೆ, ಎಲ್ಲರೂ ಸೊನ್ನೆಯಿಂದ ಶುರು ಮಾಡಿರುತ್ತಾರೆ. ಮಾತೃಭಾಷೆಯಲ್ಲಿ ಬಾಯಿ ಬಿಡದ ಮಕ್ಕಳು ಅಲ್ಲಿ ಅರಳುವುದನ್ನು ನಮ್ಮ ಶಾಲೆಯ ಸ್ಪ್ಯಾನಿಷ್ ಟೀಚರ್ ಪಕ್ಕ ಕೂತು ಕಂಡಿದ್ದೇನೆ.

ಫಾರಂ ಕೊಡುವ ಮುಂಚೆ ಎರಡೂ ಭಾಷೆಯ ಮೂರನೇ ವರ್ಷದ ಕ್ಲಾಸಿನಲ್ಲಿ ಅವಳನ್ನು ಒಂದೊಂದು ಪೀರಿಯಡ್ ಕೂರಿಸಲು ಅನುಮತಿ ಕೇಳಿ. ಮೊದಲ ವರ್ಷದ ಕ್ಲಾಸು ಬೇಡ, ಅಲ್ಲಿ ಎಲ್ಲ ಭಾಷೆಯೂ ಆಟಪಾಟವೇ. ಹಾಗೇ ಲ್ಯಾಟಿನ್ ನಾಲ್ಕನೇ ವರ್ಷದವರೆಗೂ ನಿಜವಾಗಿ ನಡೆಯುತ್ತದೆಯೇ ಎಂದು ಕೇಳಿ. ಮಕ್ಕಳು ಕಡಿಮೆಯಾದರೆ ನಡುವೆಯೇ ನಿಲ್ಲಿಸುವ ಶಾಲೆಗಳಿವೆ. ಆಗ ಪ್ಲಿನಿಯವರೆಗೆ ತಲುಪುವುದೇ ಇಲ್ಲ, ಬರೀ ಕೋಷ್ಟಕ ಉಳಿಯುತ್ತದೆ. ನಡೆಯುವುದಿಲ್ಲ ಅಂದರೆ ಯೋಚನೆಯೇ ಬೇಡ, ಸ್ಪ್ಯಾನಿಷ್ ಬರೆಯಿರಿ.

ಮಗಳಮ್ಮ:

ಸೋಮವಾರವೇ ಶಾಲೆಗೆ ಫೋನ್ ಮಾಡ್ತೀನಿ. ಆ ಎರಡು ಪತ್ರದ ಇಂಗ್ಲಿಷ್ ಅನುವಾದವನ್ನ ಮಗಳಿಗೆ ಹುಡುಕಿಕೊಟ್ಟೆ. ಮೊದಲನೆಯದು ಓದಿ ಮುಗಿಸಿ ಎರಡನೆಯದರಲ್ಲಿ ಇದ್ದಾಳೆ.