ಹಳೆ ಹೋಂಡಾ ಸಿಟಿ: ಬೋಲ್ಟ್ ಬಿಚ್ಚಿದರೂ ಕ್ರ್ಯಾಂಕ್ ಪುಲ್ಲಿ ಕದಲುತ್ತಿಲ್ಲ

ಪ್ರಶ್ನೆ:
2001ರ ಹೋಂಡಾ ಸಿಟಿ 1.5. ಕಾರು ಮೊದಲಿಂದಲೂ ಮಂಗಳೂರಿನಲ್ಲೇ ಇದೆ. ಟೈಮಿಂಗ್ ಬೆಲ್ಟ್ ಬದಲಿಸಲು ಕೈ ಹಾಕಿದ್ದೇನೆ. ಹೊರಗಿನ ಬೆಲ್ಟ್‌ಗಳನ್ನು ತೆಗೆದೆ, ಎಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್‌ಗೆ ಪುಲ್ಲಿಯನ್ನು ಬಿಗಿದಿದ್ದ ಬೋಲ್ಟ್ ಕೂಡ ಬಿಚ್ಚಿತು. ಪುಲ್ಲಿ ಮಾತ್ರ ಜಪ್ಪಯ್ಯ ಅಂದರೂ ಬರುತ್ತಿಲ್ಲ. ಮೂರು ಕಾಲಿನ ಪುಲ್ಲರ್ (ಹಿಡಿದು ಎಳೆಯುವ ಸಾಧನ) ಅನ್ನು ಅಂಚಿಗೆ ಸಿಕ್ಕಿಸಿ ಎಳೆಯಬಹುದಾ?

ಉತ್ತರ:
ಅಂಚಿಗೆ ಮಾತ್ರ ಬೇಡ ಸರ್. ನೋಡಲು ಒಂದೇ ತುಂಡಿನ ಹಾಗಿದ್ದರೂ ಅದರೊಳಗೆ ಹಬ್ (ಕ್ರ್ಯಾಂಕ್ ಮೇಲೆ ಕೂರುವ ನಡುಭಾಗ), ಹೊರಗೆ ಬೆಲ್ಟ್ ಓಡುವ ಬಳೆ, ನಡುವೆ ರಬ್ಬರ್ ಇದೆ. ಕ್ರ್ಯಾಂಕ್‌ನ ನಡುಕ ತಗ್ಗಿಸುವುದಕ್ಕೇ ಆ ರಬ್ಬರ್ ಇರುವುದು. ಅಂಚು ಹಿಡಿದು ಎಳೆದರೆ ಬಲವೆಲ್ಲ ಅದರ ಮೇಲೆ ಬಿದ್ದು ಬಳೆ ಜರುಗುತ್ತದೆ. ಆಮೇಲೆ ಬೆಲ್ಟ್ ಸಾಲು ತಪ್ಪಿ ಓಡುತ್ತದೆ, ಹೊಸ ಪುಲ್ಲಿಯೇ ಬೇಕಾಗುತ್ತದೆ. ಸುತ್ತಿಗೆ ಏಟೂ ಬೇಡ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಹಿಂದಿನ ಪ್ಲಾಸ್ಟಿಕ್ ಕವರ್ ಒಡೆಯುತ್ತದೆ.

ಈ ಪುಲ್ಲಿ ಕೀ (ಪುಲ್ಲಿ ಮತ್ತು ಕ್ರ್ಯಾಂಕ್ ಒಟ್ಟಿಗೆ ತಿರುಗುವಂತೆ ನಡುವೆ ಕೂರುವ ಸಣ್ಣ ಲೋಹದ ತುಂಡು) ಮೇಲೆ ಜಾರಿ ಕೂರುವಂಥದ್ದು. ಅದನ್ನು ಹಿಡಿದಿಡುವುದು ಬೋಲ್ಟ್. ಬೋಲ್ಟ್ ತೆಗೆದರೂ ಬರುತ್ತಿಲ್ಲ ಅಂದರೆ ಹೆಚ್ಚಾಗಿ ತುಕ್ಕು ಹಿಡಿದಿರುತ್ತದೆ, ಕಡಲ ಗಾಳಿಯ ಊರು ಬೇರೆ ಅಲ್ವಾ. ಹಬ್ ಮತ್ತು ಕ್ರ್ಯಾಂಕ್ ಸೇರುವ ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಸ್ವಲ್ಪವೇ ಬಿಡಿ, ರಬ್ಬರ್‌ಗೆ ತಾಗಬಾರದು. ರಾತ್ರಿಯೆಲ್ಲ ನೆನೆಯಲಿ. ಬೆಳಿಗ್ಗೆ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಾ ಎಳೆಯಿರಿ.

ಆಗಲೂ ಬರದಿದ್ದರೆ ಪುಲ್ಲರ್ ಹಾಕಿ, ಆದರೆ ಅದರ ಕಾಲುಗಳು ಒಳಗಿನ ಹಬ್ ಅನ್ನೇ ಹಿಡಿಯಬೇಕು. ಹಬ್‌ನಲ್ಲಿ ಥ್ರೆಡ್ ಇರುವ ತೂತುಗಳಿದ್ದರೆ ಸ್ಟೀರಿಂಗ್ ವೀಲ್ ಪುಲ್ಲರ್ ಇನ್ನೂ ಒಳ್ಳೆಯದು. ಪುಲ್ಲರ್‌ನ ಮೊನೆ ಕ್ರ್ಯಾಂಕ್‌ನ ಥ್ರೆಡ್ ಕೆಡಿಸದಂತೆ ಹಳೆ ಬೋಲ್ಟನ್ನು ವಾಷರ್ ಇಲ್ಲದೆ ಮತ್ತೆ ತಿರುಗಿಸಿ. ತಲೆಗೂ ಪುಲ್ಲಿಗೂ ನಡುವೆ 5 ಮಿ.ಮೀ. ಜಾಗ ಬಿಟ್ಟರೆ ಸಾಕು. ಮೊನೆ ಬೋಲ್ಟ್ ತಲೆಗೆ ಒತ್ತಲಿ.

ಇನ್ನೊಬ್ಬರ ಪ್ರಶ್ನೆ:
ನನ್ನದೂ ಅದೇ ಕಾರು, ಬೋಲ್ಟೇ ಬಿಚ್ಚುತ್ತಿಲ್ಲ. ಉದ್ದ ಬಾರ್ ನೆಲಕ್ಕೆ ಆನಿಸಿ ಸ್ಟಾರ್ಟರ್ ಹೊಡೆದರೆ ಬಿಚ್ಚಿಕೊಳ್ಳುತ್ತದಂತೆ, ಹೌದಾ?

ಉತ್ತರ:
ದಯವಿಟ್ಟು ಹೊಡೆಯಬೇಡಿ. ಹೋಂಡಾದ ಈ ಡಿ ಸೀರೀಸ್ ಎಂಜಿನ್ ಪುಲ್ಲಿ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗುತ್ತದೆ. ಬೋಲ್ಟ್‌ನದ್ದು ಮಾಮೂಲಿ ಥ್ರೆಡ್. ಬಾರ್ ಬೋಲ್ಟನ್ನು ತಡೆದು ಹಿಡಿದಿರುವಾಗ ಸ್ಟಾರ್ಟರ್ ಹೊಡೆದರೆ ಕ್ರ್ಯಾಂಕ್ ಮಾತ್ರ ಆ ದಿಕ್ಕಿಗೆ ತಿರುಗಿ, ಬೋಲ್ಟ್ ಬಿಚ್ಚುವ ಬದಲು ಇನ್ನೂ ಬಿಗಿಯಾಗುತ್ತದೆ. ಬೇರೆ ಎಂಜಿನ್‌ಗೂ ಈ ಉಪಾಯ ನಾನು ಹೇಳುವುದಿಲ್ಲ, ಬಾರ್ ಜಾರಿದರೆ ಕೈ ಮುರಿಯುತ್ತದೆ. ಪುಲ್ಲಿಯ ನಡುವೆ ಆರು ಮೂಲೆಯ ಗುಳಿ ಇದೆಯಾ ನೋಡಿ. ಇದ್ದರೆ 50 ಮಿ.ಮೀ. ಪುಲ್ಲಿ ಹೋಲ್ಡರ್ ತಂದು ಕ್ರ್ಯಾಂಕ್ ತಿರುಗದಂತೆ ಹಿಡಿಯಿರಿ. ಬೋಲ್ಟ್‌ಗೆ ಆರು ಮೂಲೆಯ ಸಾಕೆಟ್, ಉದ್ದ ಬಾರ್ ಹಾಕಿ. ಎಕ್ಸ್‌ಟೆನ್ಷನ್ ಕೆಳಗೆ ಜ್ಯಾಕ್ ಸ್ಟ್ಯಾಂಡ್ ಇಟ್ಟರೆ ಸಾಕೆಟ್ ಜಾರುವುದಿಲ್ಲ.

ಮೊದಲು ಕೇಳಿದವರು:
ಬಂತು ಸರ್! ಎಣ್ಣೆ ಬಿಟ್ಟು, ಹಬ್‌ಗೆ ಪುಲ್ಲರ್ ಹಾಕಿದೆ, ಟಪ್ ಅಂತ ಕಳಚಿತು. ತುಂಬ ಥ್ಯಾಂಕ್ಸ್. ಕ್ರ್ಯಾಂಕ್ ತುದಿಯಲ್ಲಿ ತುಕ್ಕು ಇದೆ, ಹಾಗೇ ಹಾಕಬಹುದಾ?

ಉತ್ತರ:
ಬೇಡ, ಮುಂದಿನ ಸಲವೂ ಇದೇ ಗೋಳಾಗುತ್ತದೆ. ನಯವಾದ ಎಮರಿ ಪೇಪರ್‌ನಲ್ಲಿ ತುಕ್ಕು ಮಾತ್ರ ಉಜ್ಜಿ, ಆಯಿಲ್ ಸೀಲ್ ಕೂರುವ ಜಾಗಕ್ಕೆ ತಾಗಿಸಬೇಡಿ. ಕೀ ಸವೆದಿದ್ದರೆ ಹೊಸದು ಹಾಕಿ. ಪುಲ್ಲಿಯ ರಬ್ಬರ್ ಬಿರುಕು ಬಿಟ್ಟಿದೆಯಾ ನೋಡಿ. ಬೋಲ್ಟನ್ನು ಅಂದಾಜಿನಲ್ಲಿ ಬಿಗಿಯಬೇಡಿ, ಟಾರ್ಕ್ ರೆಂಚ್ (ಬಿಗಿತ ಅಳೆಯುವ ಸ್ಪ್ಯಾನರ್) ಹಿಡಿದು ಮ್ಯಾನುಯಲ್ ಹೇಳಿದಷ್ಟೇ ಬಿಗಿಯಿರಿ. ಸಡಿಲ ಉಳಿದರೆ ಪುಲ್ಲಿ ಅಲ್ಲಾಡಿ ಅಲ್ಲಾಡಿ ಕ್ರ್ಯಾಂಕ್‌ನಲ್ಲಿ ಕೀ ಕೂರುವ ತೋಡನ್ನೇ ತಿನ್ನುತ್ತದೆ. ಹೊಸ ಬೆಲ್ಟ್ ಕೂತ ಮೇಲೆ, ಸ್ಟಾರ್ಟ್ ಮಾಡುವ ಮೊದಲು, ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಲ್ಲಿ ಎರಡು ಸುತ್ತು ತಿರುಗಿಸಿ ಟೈಮಿಂಗ್ ಗುರುತು ಸರಿಯಿದೆಯಾ ನೋಡಿಕೊಳ್ಳಿ.